ಹಿಮದ ದಾರಿಯಲ್ಲಿ ಸಾಧು ಸುಂದರ್ ಸಿಂಗ್

 

ಯೌವನಸ್ಥರೇ, ಇವತ್ತು ಸಾಧು ಸುಂದರ್ ಸಿಂಗ್ ಅವರ ಜೀವನದ ಬಗ್ಗೆ ಹೇಳ್ತೇನಿ. ನಮ್ಮ ಇಬ್ರಾಹಿಂಪುರದಾಗ ಮಂಜುಗಡ್ಡೆ ಅಂದ್ರ ಫ್ರಿಡ್ಜ್‌ನಾಗ ಇರೋದು ಅಷ್ಟೇ. ಹಿಮ ಮನುಷ್ಯನಿಗೆ ಏನು ಮಾಡುತ್ತದೆ ಅಂತ ನಮ್ಮ ಕಡೆಯವರಿಗೆ ತಿಳಿದದ್ದು 2016ರಲ್ಲಿ. ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಸಿಕ್ಕಿಕೊಂಡಿದ್ದರು. ಜೀವಂತವಾಗಿ ಹೊರತೆಗೆದರೂ ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಂಥ ಹಿಮಾಲಯಕ್ಕೆ ಸುಂದರ್ ಸಿಂಗ್ ಬರಿಗಾಲಲ್ಲಿ ಹೋದರು ನೋಡ್ರಿ.

ಹುಟ್ಟಿದ್ದು 1889ರಲ್ಲಿ, ಪಂಜಾಬಿನ ರಾಂಪುರದ ಅನುಕೂಲಸ್ಥ ಸಿಖ್ ಮನೆತನದಲ್ಲಿ. ಹದಿಹರೆಯದಲ್ಲೇ ತಾಯಿ ತೀರಿಕೊಂಡರು. ಆ ಸಿಟ್ಟಿನಲ್ಲಿ ಬೈಬಲ್ ಸುಟ್ಟರು. ಮನಸ್ಸಿಗೆ ಶಾಂತಿ ಸಿಗಲಿಲ್ಲ. 1904ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ, ದೇವರು ತನ್ನನ್ನು ತೋರಿಸಿಕೊಳ್ಳದಿದ್ದರೆ ಬೆಳಗಿನ ರೈಲಿಗೆ ತಲೆ ಕೊಡುವುದೆಂದು ನಿಶ್ಚಯ ಮಾಡಿದರು. ರೈಲ್ವೆ ಹಳಿ ಪಕ್ಕದಲ್ಲಿ ಬೆಳೆದ ನಮಗೆ ಆ ಮಾತಿನ ಭಾರ ಗೊತ್ತು. ನಿಮ್ಮಲ್ಲಿ ಯಾರಿಗಾದರೂ ಅಂಥ ರಾತ್ರಿ ಬಂದರೆ ಒಬ್ಬರೇ ಕೂಡಬೇಡ್ರಿ, ಎಷ್ಟು ಹೊತ್ತಾಗಿದ್ರೂ ನನಗೆ ಫೋನ್ ಮಾಡ್ರಿ. ರೈಲು ಬರುವ ಮುಂಚೆ ಕರ್ತನು ಅವರಿಗೆ ದರ್ಶನ ಕೊಟ್ಟನು. ಮನೆಯವರು ಹೊರಗೆ ಹಾಕಿದರು. 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ. ಆಮೇಲೆ ಕಾವಿ ಬಟ್ಟೆ ಉಟ್ಟು ಸುವಾರ್ತೆಗೆ ಹೊರಟರು.

1908ರಲ್ಲಿ ಮೊದಲ ಸಲ ಟಿಬೆಟ್ ಕಡೆ ನಡೆದಾಗ ಇನ್ನೂ ಹದಿನೆಂಟು ವರ್ಷ. ಚಳಿಗಾಲದಲ್ಲಿ ಕಣಿವೆ ದಾರಿಗಳು ಹಿಮದಿಂದ ಮುಚ್ಚಿಹೋಗುತ್ತವೆ, ಬೇಸಿಗೆಯಲ್ಲೂ ಯಾವಾಗ ಹಿಮ ಬೀಳುತ್ತದೆ ಹೇಳಲಿಕ್ಕೆ ಆಗಲ್ಲ. ಕಾಲು ಒಡೆದು ರಕ್ತ ಬರುತ್ತಿತ್ತು, ನಡಿಗೆ ನಿಲ್ಲಿಸಲಿಲ್ಲ.

ಒಂದು ಸಲ ಟಿಬೆಟಿನವನೊಬ್ಬನ ಜೊತೆ ಹೋಗುವಾಗ ಹಿಮಗಾಳಿ ಎದ್ದಿತು. ದಾರಿ ಬಿಟ್ಟು ಇಳಿಜಾರಿನ ಕೆಳಗೆ ಒಬ್ಬ ಮನುಷ್ಯ ಜಾರಿ ಬಿದ್ದಿದ್ದ, ಪ್ರಜ್ಞೆ ಇರಲಿಲ್ಲ. ಜೊತೆಗಾರ ತನ್ನ ಜೀವ ನೋಡಿಕೊಂಡು ಮುಂದೆ ಹೋದ. ನಾನು ಅವನನ್ನು ಬೈಯಲ್ಲ. ಆ ಚಳಿಯಲ್ಲಿ ನಿಂತರೆ ಮೊದಲು ನಡುಕ, ಆಮೇಲೆ ಮಂಪರು, ಆಮೇಲೆ ಸಾವು. ಅವನ ಲೆಕ್ಕ ಸರಿಯಾಗೇ ಇತ್ತು. ಸುಂದರ್ ಸಿಂಗ್ ಇಳಿದು ಹೋಗಿ, ಆ ಮನುಷ್ಯನನ್ನು ಹೆಗಲ ಮೇಲೆ ಹಾಕಿಕೊಂಡು, ಜಾರುವ ಹಿಮದಲ್ಲಿ ಮೇಲೆ ಹತ್ತಿದರು. ಜಿಮ್‌ನಲ್ಲಿ ಭಾರ ಎತ್ತಿದವರಿಗೆ ಗೊತ್ತು, ಮೈ ದುಡಿದಾಗ ಮೈ ಕಾಯ್ತದೆ. ಒಬ್ಬರ ಶಾಖ ಇನ್ನೊಬ್ಬರಿಗೆ ತಾಗಿತು, ಹೊತ್ತುಕೊಂಡವನಿಗೆ ಎಚ್ಚರ ಬಂತು. ಊರು ಕಾಣುವಷ್ಟು ಹತ್ತಿರ ಬಂದಾಗ ದಾರಿಯಲ್ಲಿ ಜೊತೆಗಾರನ ಹೆಣ ಸೆಟೆದುಕೊಂಡು ಬಿದ್ದಿತ್ತು. ಬೈಬಲ್ ಕಾಲೇಜಿನಲ್ಲಿ ಇದನ್ನು ಕೇಳಿದಾಗ ನನಗೆ ಆ ಹೆಣವೇ ಕಣ್ಮುಂದೆ ಬರುತ್ತಿತ್ತು. ಈಗ ಹೆಗಲ ಮೇಲಿನ ಭಾರ ನೆನಪಾಗುತ್ತದೆ. ಆ ಭಾರ ಇಲ್ಲದಿದ್ದರೆ ಇವರೂ ಉಳಿಯುತ್ತಿರಲಿಲ್ಲ.

ಗೂಗಲ್ ಮಾಡಿದರೆ ನಿಮಗೇ ಸಿಗುತ್ತದೆ, ಅದಕ್ಕೇ ಮೊದಲೇ ಹೇಳ್ತೇನಿ: ಇದು ಅವರೇ ಹೇಳಿದ ಸಾಕ್ಷಿ. ಅವರ ಟಿಬೆಟ್ ಸಾಕ್ಷಿಗಳ ಬಗ್ಗೆ 1920ರ ದಶಕದಲ್ಲಿ ಯುರೋಪಿನಲ್ಲಿ ದೊಡ್ಡ ವಾದ ನಡೆಯಿತು. ಅಷ್ಟರಲ್ಲಿ ಅವರು ಇಂಗ್ಲೆಂಡ್, ಅಮೆರಿಕದವರೆಗೂ ಹೆಸರಾಗಿದ್ದರು. ಅಲ್ಲೇ ಆರಾಮಾಗಿ ಇರಬಹುದಿತ್ತು. ಆರೋಗ್ಯವೂ ಕೆಟ್ಟಿತ್ತು. ಆದರೂ 1929ರ ಏಪ್ರಿಲ್‌ನಲ್ಲಿ ಸುಬಾಥುವಿನಿಂದ ಮತ್ತೆ ಅದೇ ಟಿಬೆಟ್ ದಾರಿ ಹಿಡಿದರು. ವಯಸ್ಸು 39. ತಿರುಗಿ ಬರಲಿಲ್ಲ. ಸ್ನೇಹಿತರು ಮೇಲಿನ ದಾರಿಯವರೆಗೂ ಹುಡುಕಿದರು, ಒಂದು ಗುರುತೂ ಸಿಗಲಿಲ್ಲ. ಅವರಿಗೆ ಸಮಾಧಿ ಇಲ್ಲ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.