ಗೆರ್ಹಾರ್ಡ್ ಡೋಮಾಕ್

ಈಗ ಪೋಲೆಂಡಿಗೆ ಸೇರಿರುವ ಲಾಗೋವ್ ಎಂಬ ಊರು ಹಿಂದೆ ಜರ್ಮನಿಯಲ್ಲಿತ್ತು. ಅಲ್ಲಿ 1895ರಲ್ಲಿ ಉಪಾಧ್ಯಾಯರೊಬ್ಬರ ಮಗನಾಗಿ ಗೆರ್ಹಾರ್ಡ್ ಡೋಮಾಕ್ ಜನಿಸಿದನು. ವೈದ್ಯಶಾಸ್ತ್ರದ ವ್ಯಾಸಂಗ ಆರಂಭಿಸಿದ ವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಸಿಡಿಯಿತು. ಸೈನಿಕನಾಗಿ ಹೋಗಿ ಗಾಯಗೊಂಡ ಅವನು ಅನಂತರ ರಣರಂಗದ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದನು. ಶಸ್ತ್ರವೈದ್ಯರು ದೇಹದೊಳಗಿನ ಗುಂಡನ್ನು ತೆಗೆಯಬಲ್ಲವರಾಗಿದ್ದರು. ಗಾಯಕ್ಕೆ ಸೇರಿದ ರೋಗಾಣುಗಳೆದುರು ಮಾತ್ರ ಕೈಚೆಲ್ಲುತ್ತಿದ್ದರು.

1927ರಲ್ಲಿ ಅವನು ಬಣ್ಣಗಳ ತಯಾರಿಕೆಗೆ ಹೆಸರಾಗಿದ್ದ ಐ.ಜಿ. ಫಾರ್ಬೆನ್ ಸಂಸ್ಥೆಯ ಪ್ರಯೋಗಾಲಯವನ್ನು ಸೇರಿದನು. ರಸಾಯನಜ್ಞರಾದ ಕ್ಲಾರರ್ ಮತ್ತು ಮೀಟ್ಷ್ ಹೊಸ ಹೊಸ ಬಣ್ಣಗಳನ್ನು ತಯಾರಿಸಿ ಕೊಡುವರು. ಡೋಮಾಕ್ ಅವನ್ನು ರೋಗ ತಗುಲಿದ ಇಲಿಗಳಿಗೆ ಕೊಟ್ಟು ಪರೀಕ್ಷಿಸುವನು. ಹಲವು ವರ್ಷಗಳ ಸೋಲಿನ ಬಳಿಕ 1932ರ ಡಿಸೆಂಬರಿನಲ್ಲಿ ಒಂದು ಕೆಂಪು ಬಣ್ಣ ಇಲಿಗಳನ್ನು ಉಳಿಸಿತು. ಅದೇ ಪ್ರಾಂಟೊಸಿಲ್.

1935ರಲ್ಲಿ ಅವನ ಪುಟ್ಟ ಮಗಳು ಹಿಲ್ಡೆಗಾರ್ಡಳ ಕೈಗೆ ಸೂಜಿ ಚುಚ್ಚಿ ನಂಜೇರಿತು. ಜೀವ ಉಳಿಯಬೇಕಾದರೆ ತೋಳನ್ನೇ ಕತ್ತರಿಸಬೇಕೆಂದು ವೈದ್ಯರು ಹೇಳಿದರು. ತಂದೆ ತನ್ನ ಮದ್ದನ್ನೇ ಕೊಟ್ಟನು. ಮಗು ಉಳಿಯಿತು, ತೋಳೂ ಉಳಿಯಿತು. ಅದೇ ವರ್ಷ ಪ್ಯಾರಿಸ್ಸಿನ ವಿಜ್ಞಾನಿಗಳು, ಪ್ರಾಂಟೊಸಿಲ್ ದೇಹದಲ್ಲಿ ಒಡೆದು ಹೊರಬರುವ ಬಣ್ಣವಿಲ್ಲದ ಸಲ್ಫನಿಲಮೈಡ್ ಎಂಬ ಅಂಶವೇ ನಿಜವಾದ ಮದ್ದೆಂದು ತೋರಿಸಿದರು. ಬಣ್ಣವನ್ನು ನಂಬಿ ಹೊರಟವನಿಗೆ ದೊರೆತದ್ದು ಬಣ್ಣವಿಲ್ಲದ ಮದ್ದು!

1939ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಜರ್ಮನರು ಅದನ್ನು ಸ್ವೀಕರಿಸಬಾರದೆಂಬುದು ಹಿಟ್ಲರನ ಆಜ್ಞೆ. ಡೋಮಾಕನನ್ನು ಸೆರೆಹಿಡಿದು, ನಿರಾಕರಣೆಯ ಪತ್ರಕ್ಕೆ ರುಜು ಹಾಕಿಸಿದರು. 1947ರಲ್ಲಿ ಪದಕ ಕೈಸೇರಿತು. ಹಣ ಮಾತ್ರ ಸಿಗಲಿಲ್ಲ.

ಅಷ್ಟರಲ್ಲಿ ಸಲ್ಫ ಮದ್ದುಗಳಿಗೆ ಮಣಿಯದ ರೋಗಾಣುಗಳು ತಲೆದೋರಿದ್ದವು. ಮಣ್ಣಿನ ಸೂಕ್ಷ್ಮಜೀವಿಯಿಂದ 1943ರಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ ಕ್ಷಯರೋಗವನ್ನು ತಗ್ಗಿಸಿತಾದರೂ, ಅದೊಂದನ್ನೇ ಕೊಟ್ಟ ರೋಗಿಗಳಲ್ಲಿ ಕೆಲವೇ ತಿಂಗಳಲ್ಲಿ ರೋಗ ಮರುಕಳಿಸುತ್ತಿತ್ತು. ಕೋಟ್ಯಂತರ ರೋಗಾಣುಗಳ ನಡುವೆ ಮದ್ದನ್ನು ತಾಳಬಲ್ಲ ಕೆಲವು ಇದ್ದೇ ಇರುತ್ತವೆ. ಉಳಿದವು ಸತ್ತಾಗ ಆ ಕೆಲವೇ ಬೆಳೆದು ದೇಹವನ್ನು ತುಂಬುತ್ತವೆ. ಬೇರೆ ರೀತಿಯಲ್ಲಿ ಕೊಲ್ಲುವ ಇನ್ನೊಂದು ಮದ್ದನ್ನು ಜೊತೆಗೂಡಿಸಿದರೆ ಮೊದಲನೆಯದಕ್ಕೆ ತಪ್ಪಿಸಿಕೊಂಡದ್ದು ಎರಡನೆಯದಕ್ಕೆ ಸಿಕ್ಕಿಬೀಳುತ್ತದೆ. ಕ್ಷಯರೋಗದ ಮದ್ದನ್ನು ಡೋಮಾಕ್ ಮತ್ತೆ ರಸಾಯನಶಾಲೆಯಲ್ಲಿಯೇ ಅರಸಿದನು. ಅವನ ತಂಡ ಥಯಸೆಟಜೋನನ್ನು ಕಂಡುಹಿಡಿಯಿತು. 1952ರಲ್ಲಿ ಐಸೋನಿಯಜಿಡ್‌ನ ಶಕ್ತಿಯನ್ನು ಏಕಕಾಲದಲ್ಲಿ ಕಂಡುಕೊಂಡ ಮೂರು ತಂಡಗಳಲ್ಲಿಯೂ ಅವನದೊಂದು. ಅಗ್ಗವಾಗಿದ್ದ ಈ ಎರಡು ಮದ್ದುಗಳ ಜೋಡಿಯನ್ನು ನಮ್ಮ ದೇಶದ ಕ್ಷಯರೋಗಿಗಳಿಗೆ ಅನೇಕ ವರ್ಷ ಕೊಡಲಾಯಿತು.

ಡೋಮಾಕ್ 1964ರಲ್ಲಿ ತೀರಿಕೊಂಡನು. ಆ ವೇಳೆಗಾಗಲೇ ಐಸೋನಿಯಜಿಡ್‌ಗೂ ಮಣಿಯದ ಕ್ಷಯಾಣುಗಳು ಕಾಣಿಸಿಕೊಂಡಿದ್ದವು.