ಡಾ. ವಿ. ಕೆ. ಆರ್. ವಿ. ರಾವ್

ಒಂದು ಮನೆಯ ಯಜಮಾನನಿಗೆ ತನ್ನ ವರಮಾನವೆಷ್ಟೆಂಬುದು ತಿಳಿದಿರುತ್ತದೆ. ಆದರೆ ಒಂದು ದೇಶದ ವರಮಾನವೆಷ್ಟು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಮಟ್ಟಿಗೆ ಈ ಪ್ರಶ್ನೆಗೆ ನಂಬಲರ್ಹವಾದ ಉತ್ತರವಿರಲಿಲ್ಲ. 1867-68ರಲ್ಲಿ ತಲೆಗೆ ಇಪ್ಪತ್ತು ರೂಪಾಯಿ ಎಂದು ದಾದಾಭಾಯಿ ನವರೋಜಿಯವರು ಅಂದಾಜು ಮಾಡಿದ್ದರು. ಅನಂತರ ಆಳುವವರು ಹೆಚ್ಚು ಹೇಳಿದರು. ಅವರ ಟೀಕಾಕಾರರು ಕಡಿಮೆ ಹೇಳಿದರು. ಈ ವಿವಾದವನ್ನು ಶಾಸ್ತ್ರೀಯವಾದ ಲೆಕ್ಕದಿಂದ ಬಗೆಹರಿಸಲು ಹೊರಟ ತರುಣರೇ ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್.

ರಾಯರು 1908ರ ಜುಲೈ 8ರಂದು ಕಂಚಿಯಲ್ಲಿ ಜನಿಸಿದರು. ಮುಂಬಯಿಯಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿ, ಭಾರತದ ಆದಾಯ ತೆರಿಗೆಯನ್ನು ಕುರಿತು 1931ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಳಿಕ ಕೇಂಬ್ರಿಜ್ಜಿಗೆ ತೆರಳಿ, ಜಗದ್ವಿಖ್ಯಾತ ಅರ್ಥಶಾಸ್ತ್ರಜ್ಞ ಕೇನ್ಸರ ಸಮೀಪದಲ್ಲಿ ಕಲಿತು, 1937ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಅವರು ಆರಿಸಿಕೊಂಡ ವಿಷಯ 1931-32ನೆಯ ವರ್ಷದ ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನ. ಇದು ಸುಲಭದ ಕೆಲಸವಾಗಿರಲಿಲ್ಲ. ಹಾನಗಲ್ಲಿನ ರೈತನು ಬೆಳೆದ ಭತ್ತದಲ್ಲಿ ಒಂದು ಭಾಗ ಪೇಟೆಗೆ ಬಂದರೆ ಉಳಿದದ್ದು ಮನೆಯ ಕಣಜ ಸೇರುತ್ತದೆ. ಅದಕ್ಕೆ ಬೆಲೆ ಕಟ್ಟುವುದೆಂತು? ಹಿರೇಕೆರೂರಿನ ಹಟ್ಟಿಯ ಹಾಲು, ಶಿಗ್ಗಾಂವಿಯ ಕಮ್ಮಾರನು ಕಾಳಿಗಾಗಿ ಮಾಡಿಕೊಟ್ಟ ಕುಳ, ಇವೂ ವರಮಾನವೇ ಅಲ್ಲವೆ? ರಾಯರು ಬೇಸಾಯದಂಥ ಕಸುಬುಗಳಲ್ಲಿ ಉತ್ಪನ್ನವನ್ನೂ, ಉಳಿದವುಗಳಲ್ಲಿ ದುಡಿಯುವವರ ಗಳಿಕೆಯನ್ನೂ ಲೆಕ್ಕ ಹಿಡಿದು, ಎರಡನ್ನೂ ಕೂಡಿಸಿದರು. ಒಂದು ಮಿತಿ ಮಾತ್ರ ಉಳಿಯಿತು. ಲೆಕ್ಕ ಬ್ರಿಟಿಷ್ ಭಾರತದ್ದಾದುದರಿಂದ ಹಾನಗಲ್ಲಿನ ಭತ್ತ ಅದರೊಳಗೆ ಸೇರಿತು. ನೆರೆಯ ಸವಣೂರು ನವಾಬರ ಸಂಸ್ಥಾನವಾಗಿದ್ದುದರಿಂದ ಅಲ್ಲಿನ ಹೆಸರಾಂತ ವೀಳ್ಯದೆಲೆ ಹೊರಗುಳಿಯಿತು! ಕೊನೆಗೆ ದೊರೆತ ಉತ್ತರ: ತಲೆಗೆ ವರ್ಷಕ್ಕೆ ಸುಮಾರು 62 ರೂಪಾಯಿ. ದೇಶದ ಬಡತನಕ್ಕೆ ಅಲ್ಲಗಳೆಯಲಾಗದ ಸಾಕ್ಷ್ಯ ಸಿಕ್ಕಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಸರಕಾರವು ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿದಾಗ ರಾಯರು ಅದರ ಸದಸ್ಯರಾದುದು ಸಹಜವೇ ಆಗಿತ್ತು.

ಅದೇ ವರ್ಷ ಅವರು ದೆಹಲಿ ಅರ್ಥಶಾಸ್ತ್ರ ವಿದ್ಯಾಲಯವನ್ನು ಸ್ಥಾಪಿಸಿದರು. ವಿಶ್ವಸಂಸ್ಥೆಯ ಉಪಸಮಿತಿಯೊಂದರ ಅಧ್ಯಕ್ಷರಾಗಿ, ಬಡ ದೇಶಗಳಿಗೆ ಹಗುರವಾದ ಷರತ್ತಿನ ಸಾಲ ದೊರೆಯಬೇಕೆಂದು ವಾದಿಸಿದರು. ಶ್ರೀಮಂತ ರಾಷ್ಟ್ರಗಳು ಅದನ್ನು ಒಡನೆಯೇ ಒಪ್ಪಲಿಲ್ಲ. ಅಂಥ ಸಾಲ ನೀಡುವ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಯೋಜನಾ ಆಯೋಗದ ಸದಸ್ಯರಾಗಿಯೂ ಅವರು ಸೇವೆ ಸಲ್ಲಿಸಿದರು.

1967ರಲ್ಲಿ ಬಳ್ಳಾರಿಯ ಮತದಾರರು ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿ ಅವರಿಗೆ ಸ್ಥಾನ ದೊರೆಯಿತು. ತೆರಿಗೆ, ವರಮಾನಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರಿಗೆ ಹಣಕಾಸಿನ ಖಾತೆಯೇ ಉಚಿತವೆಂದು ಯಾರಿಗಾದರೂ ತೋರೀತು. ಅದು ಅವರಿಗೆ ಲಭಿಸಲಿಲ್ಲ. ಮೊದಲು ಸಾರಿಗೆ ಮತ್ತು ಹಡಗು ಖಾತೆ, 1969ರಲ್ಲಿ ಶಿಕ್ಷಣ ಖಾತೆ ಅವರ ಪಾಲಿಗೆ ಬಂದವು. ರಾಯರು ಕೈಗೆ ಬಂದ ಕೆಲಸವನ್ನು ಹಗುರವೆಂದು ಎಣಿಸಲಿಲ್ಲ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿ, ಕಾಲೇಜಿನ ತರುಣರನ್ನು ಹಳ್ಳಿಯ ಕೆಲಸಕ್ಕೆ ಇಳಿಸಿದರು.

1971ರಲ್ಲಿ ಮಂತ್ರಿಪದವಿ ಮುಗಿಯಿತು. ಅರವತ್ತು ದಾಟಿದ ರಾಯರು ಮತ್ತೆ ವಿದ್ಯೆಯ ಕ್ಷೇತ್ರಕ್ಕೆ ಮರಳಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. 1974ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು.

1991ರ ಜುಲೈ 24ರಂದು, ತೀವ್ರ ವಿದೇಶಿ ವಿನಿಮಯದ ಮುಗ್ಗಟ್ಟಿನ ನಡುವೆ, ದೇಶದ ಹೊಸ ಹಣಕಾಸು ಮಂತ್ರಿಗಳು ಲೋಕಸಭೆಯಲ್ಲಿ ಆಯವ್ಯಯವನ್ನು ಮಂಡಿಸಿದರು. ಅವರು ಡಾ. ಮನಮೋಹನ ಸಿಂಗ್, ರಾಯರು ಸ್ಥಾಪಿಸಿದ ದೆಹಲಿಯ ವಿದ್ಯಾಲಯದಲ್ಲಿ ಹಿಂದೆ ಪ್ರಾಧ್ಯಾಪಕರಾಗಿದ್ದವರು. ಅದರ ಮರುದಿನ ರಾಯರು ನಿಧನ ಹೊಂದಿದರು.