ದಾದಿಯರ ಪಾಲಕ ಸಂತ ದೇವರ ಯೊವಾನ್ನರು

ಮಾರ್ಚ್ 8 ಸಂತ ದೇವರ ಯೊವಾನ್ನರ ಸ್ಮರಣೆಯ ದಿನ. ಹೆಚ್ಚಿನ ವರ್ಷಗಳಲ್ಲಿ ಇದು ತಪಸ್ಸು ಕಾಲದ ನಡುವೆ ಬರುವುದರಿಂದ ನಮ್ಮ ದೇವಾಲಯಗಳಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಆದರೆ ಮಗಳನ್ನೋ ಮಗನನ್ನೋ ನರ್ಸಿಂಗ್ ಶಿಕ್ಷಣಕ್ಕೆ ಕಳುಹಿಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳಷ್ಟಿವೆ. ಧರ್ಮಸಭೆಯು ದಾದಿಯರೆಲ್ಲರಿಗೂ ಪಾಲಕರನ್ನಾಗಿ ನೀಡಿದ ಈ ಸಂತರು ಒಂದು ಕಾಲದಲ್ಲಿ ಹುಚ್ಚರೆಂದು ಆಸ್ಪತ್ರೆಗೆ ಒಯ್ಯಲ್ಪಟ್ಟು, ಅಲ್ಲಿ ಕೈಕಾಲು ಕಟ್ಟಿಸಿಕೊಂಡು ಚಾಟಿಯೇಟು ತಿಂದವರು. ಈ ಸಂಗತಿಯನ್ನು ಆ ಕುಟುಂಬಗಳು ಅರಿತಿರಬೇಕೆಂಬುದು ನಮ್ಮ ಅಭಿಲಾಷೆ.

ಯೊವಾನ್ನರು 1495ರಲ್ಲಿ ಪೋರ್ಚುಗಲ್ ದೇಶದ ಮೊಂತೆಮೊರ್-ಒ-ನೊವೊ ಎಂಬ ಊರಿನಲ್ಲಿ ಜನಿಸಿದರು. ಎಂಟು ವರ್ಷದ ಬಾಲಕನಾಗಿದ್ದಾಗಲೇ ಮನೆಯನ್ನು ತೊರೆದು ಸ್ಪೇನ್ ದೇಶದ ಒರೊಪೇಸಾ ಎಂಬಲ್ಲಿಗೆ ಬಂದು ಸೇರಿದರು. ಮಗನ ಅಗಲಿಕೆಯ ದುಃಖದಿಂದ ತಾಯಿ ಬಹುಕಾಲ ಬದುಕಲಿಲ್ಲ. ತಂದೆ ಫ್ರಾನ್ಸಿಸ್ಕನ್ ಮಠವನ್ನು ಸೇರಿದರು. ಒರೊಪೇಸಾದಲ್ಲಿ ಕುರಿ ಕಾಯುತ್ತ ಬೆಳೆದ ಯೊವಾನ್ನರು ಮುಂದೆ ಸೈನಿಕರಾದರು. 1523ರಲ್ಲಿ ಫ್ರೆಂಚರ ವಿರುದ್ಧ ಫುಎಂತೆರಾಬಿಯಾ ಎಂಬಲ್ಲಿ ನಡೆದ ಯುದ್ಧದ ಕಾಲದಲ್ಲಿ, ಅವರ ಕಾವಲಿಗೆ ಬಿಟ್ಟಿದ್ದ ಕೊಳ್ಳೆಯ ವಸ್ತುಗಳು ಕಳುವಾದವು. ಅದಕ್ಕಾಗಿ ಅವರಿಗೆ ನೇಣಿನ ಶಿಕ್ಷೆ ವಿಧಿಸಲಾಯಿತು; ಮೇಲಿನವರೊಬ್ಬರ ದಯೆಯಿಂದ ಪ್ರಾಣ ಉಳಿಯಿತು. 1532ರಲ್ಲಿ ತುರ್ಕರನ್ನು ಎದುರಿಸಲು ವಿಯೆನ್ನಾದತ್ತ ಹೊರಟ ಸೈನ್ಯದಲ್ಲಿಯೂ ಅವರಿದ್ದರು.

ಯುದ್ಧದಿಂದ ಹಿಂದಿರುಗಿ ಹುಟ್ಟೂರಿಗೆ ಹೋದಾಗ ತಂದೆತಾಯಿ ಇಬ್ಬರೂ ಇಹಲೋಕ ತ್ಯಜಿಸಿದ್ದರು. ತಾಯಿಯ ಮರಣಕ್ಕೆ ತಾವೇ ಕಾರಣವೆಂಬ ನೋವು ಅವರನ್ನು ಬಿಡಲಿಲ್ಲ. ಆಫ್ರಿಕಾದ ಕರಾವಳಿಯ ಸೆಯುಟಾ ಪಟ್ಟಣದಲ್ಲಿ ಕೋಟೆಯ ಕಟ್ಟಡದ ಕೂಲಿ ಮಾಡಿ, ಗಡಿಪಾರಾಗಿದ್ದ ಒಂದು ಪೋರ್ಚುಗೀಸ್ ಕುಟುಂಬವನ್ನು ಸಾಕಿದರು. ಆ ಬಳಿಕ ಜಿಬ್ರಾಲ್ಟರ್ ಕಡೆಯಲ್ಲಿ ಭಕ್ತಿಗ್ರಂಥಗಳನ್ನೂ ಪವಿತ್ರ ಚಿತ್ರಗಳನ್ನೂ ಹೊತ್ತು ಮಾರಿ, ಕೊನೆಗೆ ಗ್ರನಾಡಾ ನಗರದ ಎಲ್ವಿರಾ ಬಾಗಿಲಿನ ಬಳಿ ಒಂದು ಪುಸ್ತಕದ ಅಂಗಡಿಯನ್ನು ತೆರೆದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು.

1530ರ ದಶಕದ ಕೊನೆಯ ವರ್ಷಗಳಲ್ಲಿ, ಜನವರಿ 20ರ ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ, ಆವಿಲಾದ ಯೊವಾನ್ನರೆಂಬ ಪ್ರಖ್ಯಾತ ಗುರುಗಳು ಗ್ರನಾಡಾದಲ್ಲಿ ಪ್ರವಚನ ನೀಡಿದರು. ಈ ಗುರುಗಳನ್ನು ಧರ್ಮಸಭೆಯು 1970ರಲ್ಲಿ ಸಂತರೆಂದು ಘೋಷಿಸಿದೆ. ಪ್ರವಚನವನ್ನು ಆಲಿಸಿದ ಪುಸ್ತಕದ ವ್ಯಾಪಾರಿಯ ಮನಸ್ಸು ಒಮ್ಮೆಗೇ ಒಡೆಯಿತು. ದೇವರ ಕರುಣೆಗಾಗಿ ಕೂಗುತ್ತ ಬೀದಿಗೆ ಓಡಿದರು, ತಲೆಗೂದಲು ಕಿತ್ತುಕೊಂಡರು, ನೆಲದಲ್ಲಿ ಹೊರಳಾಡಿದರು. ಅಂಗಡಿಯಲ್ಲಿದ್ದ ಪುಸ್ತಕಗಳನ್ನು ಹರಿದರು, ಉಳಿದುದನ್ನು ಸಿಕ್ಕವರಿಗೆ ಕೊಟ್ಟುಬಿಟ್ಟರು. ಮಕ್ಕಳು ಹಿಂದೆ ಬಿದ್ದು ಕಲ್ಲೆಸೆದರು. ಕೆಲವರು ಕನಿಕರಗೊಂಡು ಅವರನ್ನು ರಾಜ ಆಸ್ಪತ್ರೆಗೆ ಸೇರಿಸಿದರು.

ಈ ಆಸ್ಪತ್ರೆಯು ರಾಜ ಫರ್ಡಿನಾಂಡ್ ಮತ್ತು ರಾಣಿ ಇಸಾಬೆಲ್ಲಾ 1504ರಲ್ಲಿ ಸ್ಥಾಪಿಸಿದ್ದು. ಮತಿಭ್ರಮಣೆಗೊಂಡವರನ್ನು ಕಟ್ಟಿಹಾಕಿ ಹೊಡೆದರೆ ಬುದ್ಧಿ ಮರಳುವುದೆಂಬುದು ಅಂದಿನ ನಂಬಿಕೆಯಾಗಿತ್ತು. ಯೊವಾನ್ನರಿಗೂ ಅದೇ ಚಿಕಿತ್ಸೆ ದೊರೆಯಿತು. ತಮಗಿಂತಲೂ ಪಕ್ಕದಲ್ಲಿದ್ದವರಿಗೆ ಬಿದ್ದ ಏಟು ಅವರನ್ನು ಹೆಚ್ಚು ನೋಯಿಸಿತು. ರೋಗಿಗಳನ್ನು ಹಾಗೆ ನಡೆಸಿಕೊಳ್ಳಬಾರದೆಂದು ಸೇವಕರೊಡನೆ ವಾದಿಸಿ ಇನ್ನಷ್ಟು ಏಟು ತಿಂದರು. ಸ್ವಲ್ಪ ಶಾಂತರಾದ ಬಳಿಕ ಅವರ ಕಟ್ಟು ಬಿಚ್ಚಲಾಯಿತು. ಆಗ ಅವರು ಹೊರಗೆ ಹೋಗಲು ಅವಸರಪಡದೆ, ಅದೇ ವಾರ್ಡಿನಲ್ಲಿ ಕಸ ಗುಡಿಸಿದರು, ರೋಗಿಗಳ ಮೈ ತೊಳೆದರು, ಅವರಿಗೆ ಉಣಬಡಿಸಿದರು.

ಅಂದು ಅವರಿಗೆ ಬಂದದ್ದು ನಿಜವಾದ ಮನೋರೋಗವೋ, ಪಶ್ಚಾತ್ತಾಪದ ತೀವ್ರತೆಯೋ, ಜನರ ತಿರಸ್ಕಾರಕ್ಕೆ ಪಾತ್ರರಾಗಲೆಂದು ತಾವೇ ಬಯಸಿ ಹೊತ್ತ ಅವಮಾನವೋ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ನಾವು ನಿರ್ಣಯಿಸಬೇಕಾಗಿಲ್ಲ. ಮನೋರೋಗಿಗೆ ಸಲ್ಲುವ ನಡವಳಿಕೆ ಎಂತಹುದೆಂಬುದನ್ನು ಅವರು ತಮ್ಮ ಮೈಮೇಲೆಯೇ ಕಂಡುಂಡರು ಎಂಬುದು ಮಾತ್ರ ನಿಶ್ಚಿತ.

ಬಿಡುಗಡೆಯಾದ ಯೊವಾನ್ನರು ಗ್ವಾದಲುಪೆಯ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗಿ ಬಂದು, ಕಾಡಿನಿಂದ ಸೌದೆ ತಂದು ಮಾರುತ್ತ, ಗ್ರನಾಡಾದಲ್ಲಿ ಒಂದು ಬಾಡಿಗೆಯ ಮನೆಯಲ್ಲಿ ರೋಗಿಗಳಿಗೆ ಆಶ್ರಯ ನೀಡಲಾರಂಭಿಸಿದರು. ರಾತ್ರಿಯ ವೇಳೆ ಬೆನ್ನಿಗೆ ಬುಟ್ಟಿ, ಹೆಗಲಿಗೆ ಹಗ್ಗದಲ್ಲಿ ಕಟ್ಟಿದ ಎರಡು ಮಡಕೆಗಳನ್ನು ತೂಗಿಸಿಕೊಂಡು ಭಿಕ್ಷೆಗೆ ಹೊರಡುತ್ತಿದ್ದರು. ಬಡವರಿಗೆ ಕೊಡುವವರು ತಮಗೆ ತಾವೇ ಒಳಿತು ಮಾಡಿಕೊಳ್ಳುತ್ತಾರೆಂದು ಬೀದಿಬೀದಿಯಲ್ಲಿ ಸಾರುತ್ತಿದ್ದರು. ಮುಂದೆ ಸ್ಥಳ ಸಾಲದೆ ಗೊಮೇರೆಸ್ ದಿಬ್ಬದ ದೊಡ್ಡ ಕಟ್ಟಡಕ್ಕೆ ಆಸ್ಪತ್ರೆಯು ಸ್ಥಳಾಂತರಗೊಂಡಿತು. 110ಕ್ಕೂ ಹೆಚ್ಚು ಮಂದಿಗೆ ಅಲ್ಲಿ ಅನ್ನ, ಹಾಸಿಗೆ ದೊರೆಯುತ್ತಿದ್ದವೆಂದು ಅವರ ಪತ್ರವೊಂದರಿಂದ ತಿಳಿದುಬರುತ್ತದೆ. ಕುಂಟರು, ಕುಷ್ಠರೋಗಿಗಳು, ಮೂಕರು, ವೃದ್ಧರು, ಯಾತ್ರಿಕರು, ಅವರೊಡನೆ ಬುದ್ಧಿ ಕಲಕಿದವರೂ ಒಂದೇ ಸೂರಿನಡಿ ಇದ್ದರು. ಸಾಲ ಮಾತ್ರ ಬೆಳೆಯುತ್ತಲೇ ಹೋಯಿತು. ತುಯ್ ನಗರದ ಧರ್ಮಾಧ್ಯಕ್ಷರು ಅವರಿಗೆ ದೇವರ ಯೊವಾನ್ನ ಎಂಬ ಹೆಸರನ್ನಿತ್ತು, ಧರಿಸಲು ಒಂದು ಸರಳ ಉಡುಪನ್ನು ನೀಡಿದರು.

ಅವರ ಮೊದಲ ಸಂಗಾತಿಗಳ ವೃತ್ತಾಂತವೂ ಮನಮುಟ್ಟುವಂತಹುದು. ಆಂತೋನ್ ಮಾರ್ತಿನ್ ಎಂಬಾತ ತನ್ನ ಸಹೋದರನನ್ನು ಕೊಂದ ಪೇದ್ರೊ ವೆಲಾಸ್ಕೊನನ್ನು ಗಲ್ಲಿಗೇರಿಸಬೇಕೆಂದು ಹಟ ತೊಟ್ಟು ಗ್ರನಾಡಾಕ್ಕೆ ಬಂದಿದ್ದನು. ಯೊವಾನ್ನರು ಅವನ ಹೃದಯವನ್ನು ತಿರುಗಿಸಿದರು. ಆ ವೈರಿಗಳಿಬ್ಬರೂ ಕ್ಷಮೆಯಿಂದ ಒಂದಾಗಿ ಅದೇ ಆಸ್ಪತ್ರೆಯ ಸೇವಕರಾದರು.

1549ರಲ್ಲಿ ರಾಜ ಆಸ್ಪತ್ರೆಗೆ ಬೆಂಕಿ ಬಿತ್ತು. ಜನರು ಹೊರಗೆ ನಿಂತು ನೋಡುತ್ತಿರುವಾಗ, ಒಂದು ಕಾಲದಲ್ಲಿ ತಮ್ಮನ್ನು ಕಟ್ಟಿ ಹೊಡೆದಿದ್ದ ಆ ಕಟ್ಟಡದೊಳಕ್ಕೆ ಯೊವಾನ್ನರು ನುಗ್ಗಿ ರೋಗಿಗಳನ್ನು ಹೊತ್ತು ತಂದರು. ಮರುವರ್ಷ ಹೆನಿಲ್ ನದಿಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದ್ದ ಯುವಕನೊಬ್ಬನನ್ನು ರಕ್ಷಿಸಲು ನೀರಿಗಿಳಿದರು. ಮೊದಲೇ ಕೃಶವಾಗಿದ್ದ ದೇಹ ಆ ಚಳಿಯನ್ನು ತಾಳಲಿಲ್ಲ. ತಮ್ಮ ಸಾಲದ ಲೆಕ್ಕವನ್ನು ಮಹಾಧರ್ಮಾಧ್ಯಕ್ಷರಿಗೆ ಒಪ್ಪಿಸಿ, ಆಸ್ಪತ್ರೆಯನ್ನು ಆಂತೋನ್ ಮಾರ್ತಿನ್ನರಿಗೆ ವಹಿಸಿಕೊಟ್ಟು, 1550ರ ಮಾರ್ಚ್ 8ರಂದು ಮೊಣಕಾಲೂರಿದ ಭಂಗಿಯಲ್ಲಿಯೇ ಪ್ರಾಣಬಿಟ್ಟರು.

ಅವರ ಅನುಯಾಯಿಗಳ ಸಭೆಗೆ ಜಗದ್ಗುರು ಐದನೆಯ ಪಿಯುಸರು 1572ರಲ್ಲಿ ಮಾನ್ಯತೆಯಿತ್ತರು. 1690ರಲ್ಲಿ ಯೊವಾನ್ನರಿಗೆ ಸಂತಪದವಿ ಲಭಿಸಿತು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಅವರನ್ನೂ ಸಂತ ಕಮಿಲ್ಲಸ್ಸರನ್ನೂ ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರೆಂದು ಸಾರಿದರು. 1930ರಲ್ಲಿ ಹನ್ನೊಂದನೆಯ ಪಿಯುಸರು ಅವರಿಬ್ಬರನ್ನೇ ದಾದಿಯರ ಪಾಲಕರನ್ನಾಗಿಯೂ ನೇಮಿಸಿದರು. ಯೊವಾನ್ನರು ಮಡಿದ ವರ್ಷವೇ ಹುಟ್ಟಿದ ಕಮಿಲ್ಲಸ್ಸರು ಯೌವನದಲ್ಲಿ ಜೂಜಿನ ಚಟಕ್ಕೆ ಸಿಲುಕಿ ಇದ್ದುದೆಲ್ಲವನ್ನೂ ಕಳೆದುಕೊಂಡವರು. ಹುಚ್ಚನೆಂದು ಹೆಸರಾದವರೊಬ್ಬರು, ಚಟದ ಸೆರೆಯಲ್ಲಿದ್ದವರೊಬ್ಬರು: ದಾದಿಯರಿಗೆ ಧರ್ಮಸಭೆ ಆರಿಸಿಕೊಟ್ಟ ಪಾಲಕರು ಇವರು.

ನರ್ಸಿಂಗ್ ವ್ಯಾಸಂಗದಲ್ಲಿ ಮಾನಸಿಕ ಆರೋಗ್ಯದ ಶುಶ್ರೂಷೆಯೂ ಒಂದು ಪಾಠ. ವಿದ್ಯಾರ್ಥಿಗಳು ಮನೋರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಲೇಬೇಕು. ಮಕ್ಕಳು ಅಲ್ಲಿಗೆ ಅಂಜುತ್ತ ಹೋಗುವುದುಂಟು, ಹೆತ್ತವರು ಕಳವಳಪಡುವುದೂ ಉಂಟು. ಆದರೆ ಅಲ್ಲಿ ಕಲಿತುದು ನಮ್ಮ ಮನೆಗಳಿಗೇ ಬೇಕಾದ ವಿದ್ಯೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮನಸ್ಸಿನ ತೊಂದರೆಗಳನ್ನೂ ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಗ್ರನಾಡಾದ ವಾರ್ಡಿನಲ್ಲಿ ಯೊವಾನ್ನರು ಏಟು ತಿಂದು ಕೇಳಿದ್ದು ಈ ನ್ಯಾಯವನ್ನೇ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ವರ್ಷಗಟ್ಟಲೆ ವಿಪರೀತ ಕುಡಿದವನು ಹಠಾತ್ತನೆ ಕುಡಿತ ಬಿಟ್ಟರೆ ಮೊದಲ ದಿನವೇ ಕೈ ನಡುಗಬಹುದು, ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದನ್ನು ಕಾಣುವುದು, ಕೂಗಾಡುವುದು, ಜ್ವರ, ದಿಕ್ಕುತಪ್ಪುವುದು ಕಾಣಿಸಿಕೊಂಡರೆ ಅದು ಪ್ರಾಣಾಪಾಯದ ಲಕ್ಷಣ. ಧ್ಯಾನಕೂಟಕ್ಕೆ ಕರೆದೊಯ್ದು ಪ್ರತಿಜ್ಞೆ ಮಾಡಿಸಿದ ಮನೆಯವರು ಇದನ್ನು ದೆವ್ವದ ಕಾಟವೆಂದು ಭಾವಿಸಿ ಪ್ರಾರ್ಥನೆಯನ್ನಷ್ಟೇ ನಂಬಿ ಕುಳಿತರೆ ಜೀವ ಹೋಗಬಹುದು. ಮೊದಲು ಆಸ್ಪತ್ರೆ; ಅಲ್ಲಿ ನಡುಕವನ್ನು ತಣಿಸುವ ಔಷಧಿಯನ್ನೂ ಥಯಮಿನ್ ಎಂಬ ವಿಟಮಿನ್ನನ್ನೂ ನೀಡುತ್ತಾರೆ. ಪ್ರತಿಜ್ಞೆ, ಪಾಪನಿವೇದನೆಗಳು ಚಿಕಿತ್ಸೆಯ ಜೊತೆಗೆ ಸಾಗಲಿ, ಅದರ ಬದಲಿಗಲ್ಲ.

ಮಗಳ ಮದುವೆಗೆ ಅಡ್ಡಿಯಾದೀತೆಂದು ಅಣ್ಣನ ಕಾಯಿಲೆಯನ್ನು ಮುಚ್ಚಿಡುವ ಮನೆಗಳು, ಗಂಡನ ಕುಡಿತದ ನಾಚಿಕೆಯಿಂದ ಭಾನುವಾರದ ಬಲಿಪೂಜೆಗೆ ಬರುವುದನ್ನೇ ಬಿಟ್ಟ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಅವರು ನಾಚಬೇಕಾದ ಕಾರಣವಿಲ್ಲವೆಂಬುದಕ್ಕೆ ಈ ಸಂತರ ಬದುಕೇ ಸಾಕ್ಷಿ. 14416 ಸಂಖ್ಯೆಗೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮಾರ್ಚ್ 8ರ ಬಲಿಪೂಜೆಯಲ್ಲಿ ನಮ್ಮ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ, ಮನಸ್ಸಿನ ಬೇನೆಯಿಂದ ಬಳಲುವವರಿಗಾಗಿ ವಿಶೇಷವಾಗಿ ಪ್ರಾರ್ಥಿಸೋಣ. ಪ್ರಾರ್ಥನೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ, ನಾವು ಬಹುದಿನಗಳಿಂದ ಕಾಲಿಡದ ಅಂತಹ ಒಂದು ಮನೆಯ ಬಾಗಿಲನ್ನು ತಟ್ಟೋಣ.